ನಿಂದೇ ಅಣ್ಣ, ನಿಂದೇ!

ಸೋಮವಾರ ಈಶ್ವರನ ವಾರ ಎಂದು ನಮ್ಮ ಮನೆಯ ಲೆಕ್ಕ. ಜಿಮ್ಮಿನ ಹುಡುಗರ ಪಂಚಾಂಗದಲ್ಲಿ ಅದು ಎದೆಯ ವಾರ. ಮಂಗಳವಾರ ಬೆನ್ನು, ಬುಧವಾರ ಹೆಗಲು, ಗುರುವಾರ ತೋಳು ಎಂದು ಮೈಯನ್ನೆಲ್ಲ ವಾರಗಳಿಗೆ ಹಂಚಿಕೊಟ್ಟಿದ್ದಾರೆ. ಕಾಲಿಗೆ ಮಾತ್ರ ಗಟ್ಟಿಯಾದ ವಾರ ಸಿಕ್ಕಿಲ್ಲ. ಶನಿವಾರ ಎಂದು ಬರೆದುಕೊಂಡಿರುತ್ತಾರೆ. ಶನಿವಾರ ಕಂಪನಿಯಲ್ಲಿ ಓಟಿ ಬೀಳುತ್ತದೆ, ಇಲ್ಲವೇ ಸೋದರಮಾವನ ಮಗಳ ಆರತಕ್ಷತೆ ಬರುತ್ತದೆ, ಕಾಲು ಮುಂದಿನ ಶನಿವಾರಕ್ಕೆ ಹೋಗುತ್ತದೆ. ಎದೆಗೆ ಅಂಥ ಅಡ್ಡಿ ಬಂದದ್ದನ್ನು ನಾನು ಕಂಡಿಲ್ಲ.

ನಮ್ಮ ಜಿಮ್ಮು ಬಿಡದಿಯ ಹಳೆ ರಸ್ತೆಯ ಮೇಲಿದೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನ ಕಾರುಗಳು ಊರ ಹೊರಗಿನಿಂದಲೇ ಹಾರಿಹೋಗುತ್ತವೆ. ತಟ್ಟೆ ಇಡ್ಲಿಯವರು ಆ ದಿನವನ್ನು ಶಪಿಸುತ್ತಾರೆ, ನಮಗೆ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕಿತು. ಕೈಗಾರಿಕಾ ಪ್ರದೇಶದಲ್ಲಿ ಮೊದಲ ಶಿಫ್ಟ್ ಮುಗಿಸಿ, ರೂಮಿನಲ್ಲಿ ಒಂದು ನಿದ್ದೆ ಹೊಡೆದು, ಸಂಜೆ ಬರುವ ಹುಡುಗರೇ ಹೆಚ್ಚು. ಕಾರು, ಕಾರಿನ ಬಿಡಿಭಾಗ, ಕೂಲ್‌ಡ್ರಿಂಕ್, ಬಿಸ್ಕತ್ತು, ಎಲ್ಲ ಕಂಪನಿಯವರೂ ಇದ್ದಾರೆ. ಬಿಡದಿಗೆ ಹೊಸಬರು ಬಂದರೆ ಮೊದಲ ಪ್ರಶ್ನೆ ‘ಯಾವ ಕಂಪನಿ?’ ಜಿಮ್ಮಿಗೆ ಬಂದರೆ ಎರಡನೆಯದು, ‘ಬೆಂಚ್ ಎಷ್ಟು ಹೊಡೀತೀಯ?’ ಬಸ್ಕಿ ಎಷ್ಟು ಹೊಡೀತೀಯ, ಕಾಯಿಲೆ ಕಸಾಲೆ ಏನಾದರೂ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಬೆಂಚು ಇರುವುದು ಒಂದೇ. ಮೀರತ್‌ನಿಂದ ಬಂದದ್ದು, ಮೂಲೆಯಲ್ಲಿ ರೆಕ್ಸಿನ್ ಹರಿದು ಹಳದಿ ಸ್ಪಂಜು ಇಣುಕುತ್ತದೆ. ಸೋಮವಾರ ಸಂಜೆ ಅದರ ಸುತ್ತ ನಿಂತವರ ಬಾಯಲ್ಲಿ ‘ಇನ್ನೆಷ್ಟು ಸೆಟ್ಟು ಗುರು?’ ಎಂಬ ಒಂದೇ ಮಾತು.

ಅಂಥದೊಂದು ಸಂಜೆ ಹಾರೋಹಳ್ಳಿ ಕಡೆಯ ಒಬ್ಬ ಹುಡುಗ ಎಂಬತ್ತು ಕಿಲೊ ಹಾಕಿಸಿಕೊಂಡು ಮಲಗಿದ. ರಾಡು ಇಪ್ಪತ್ತು, ಎರಡೂ ಕಡೆ ಇಪ್ಪತ್ತರದೊಂದು, ಹತ್ತರದೊಂದು ಪ್ಲೇಟು. ಮೊದಲನೆಯದು ಎದೆಗೆ ಧಡ್ ಎಂದು ಬಡಿದು ಮೇಲೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ರಾಡು ಎದೆಯಿಂದ ನಾಲ್ಕು ಬೆರಳು ಎದ್ದು ನಿಂತುಬಿಟ್ಟಿತು. ಮೊಣಕೈಗಳೆರಡೂ ಹೆಗಲಿನ ನೇರಕ್ಕೆ ಅಗಲಿಸಿಕೊಂಡಿವೆ, ಬಲಗಡೆ ಸ್ವಲ್ಪ ಕೆಳಗೆ, ಪೃಷ್ಠ ಬೆಂಚು ಬಿಟ್ಟು ಎದ್ದಿದೆ. ತಲೆಯ ಹತ್ತಿರ ನಿಂತ ಸಪೋರ್ಟಿನವನು ಎರಡೂ ಕೈ ಹಾಕಿ, ಕತ್ತಿನ ನರ ಉಬ್ಬಿಸಿಕೊಂಡು ರಾಡನ್ನು ಎಳೆಯುತ್ತ, ‘ನಿಂದೇ ಅಣ್ಣ, ನಿಂದೇ! ನಾನ್ ಮುಟ್ಟೇ ಇಲ್ಲ!’ ಎಂದು ಕೂಗುತ್ತಿದ್ದಾನೆ. ಸುಳ್ಳನ್ನು ಅಷ್ಟು ಪ್ರೀತಿಯಿಂದ, ಅಷ್ಟು ಗಟ್ಟಿಯಾಗಿ ಹೇಳುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ, ಚುನಾವಣೆಯ ದಿನಗಳನ್ನು ಬಿಟ್ಟರೆ. ರಾಡು ಸ್ಟ್ಯಾಂಡಿಗೆ ಬಿತ್ತು. ಹುಡುಗ ಎದ್ದು ಕೂತ. ಎಡಗೈ ಹೆಬ್ಬೆರಳನ್ನು ಬಲಹೆಗಲಿನ ಮುಂಭಾಗಕ್ಕೆ ಒತ್ತಿಕೊಂಡು ತೋಳನ್ನು ಎರಡು ಸುತ್ತು ತಿರುಗಿಸಿದ. ಮುಖ ಒಂದು ಕ್ಷಣ ಕಿವುಚಿಕೊಂಡಿತು. ಆಮೇಲೆ, ‘ಇನ್ನೊಂದೈದು ಹಾಕ್ಲಾ’ ಎಂದ.

ಅವನ ಹೆಬ್ಬೆರಳು ಒತ್ತಿದ ಜಾಗ ಬಹಳ ಇಕ್ಕಟ್ಟಿನದು. ಸೊಂಟದಲ್ಲಾದರೆ ತೊಡೆಮೂಳೆಯ ಗುಂಡು ಆಳವಾದ ಗುಳಿಯೊಳಗೆ ನಿಶ್ಚಿಂತೆಯಾಗಿ ಕೂತಿರುತ್ತದೆ. ಹೆಗಲಿನಲ್ಲಿ ಗುಂಡು ದೊಡ್ಡದು, ಗುಳಿ ಚಿಕ್ಕದು, ಆಳವಂತೂ ಇಲ್ಲ. ಚಟ್ನಿ ತಟ್ಟೆಯ ಮೇಲೆ ಮೂಸಂಬಿ ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಬೆನ್ನು ತುರಿಸಿಕೊಳ್ಳಬಹುದು, ಮಾವಿನಕಾಯಿಗೆ ಕಲ್ಲು ಬೀರಬಹುದು. ಗುಂಡು ಜಾರದಂತೆ ಹಿಡಿದಿಡುವುದು ಮುಖ್ಯವಾಗಿ ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳ ಕೆಲಸ. ಡಾಕ್ಟರರು ಅವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಕನ್ನಡಿಯಲ್ಲಿ ಇವು ಕಾಣುವುದಿಲ್ಲ, ಟೀ ಶರ್ಟಿನ ತೋಳು ಬಿಗಿಯಾಗುವುದಕ್ಕೂ ಇವುಗಳಿಗೂ ಸಂಬಂಧವಿಲ್ಲ. ಆದ್ದರಿಂದ ವಾರದ ಹಂಚಿಕೆಯಲ್ಲಿ ಇವುಗಳ ಹೆಸರೇ ಇಲ್ಲ. ನಾಲ್ಕರಲ್ಲಿ ಮೇಲಿನದರ ರಜ್ಜು ಹೆಗಲ ತುದಿಯ ಮೂಳೆಯ ಅಡಿಯಲ್ಲಿ ನುಸುಳಿ ಬಂದು ತೋಳುಮೂಳೆಗೆ ಅಂಟಿಕೊಳ್ಳುತ್ತದೆ. ಆ ಸಂದಿನ ಎತ್ತರ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಅದರ ಮುಂದೆಯೇ ಬೈಸೆಪ್ಸ್‌ನ ಒಂದು ರಜ್ಜುವೂ ಹಾದುಹೋಗುತ್ತದೆ. ಮೊಣಕೈ ಪೂರ್ತಿ ಅಗಲಿಸಿ, ರಾಡನ್ನು ಕತ್ತಿನ ಕಡೆಗೆ ಇಳಿಸಿ, ತಳದಲ್ಲಿ ಧಡ್ ಎನಿಸಿದಾಗ ಗುಂಡು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ಸಂದು ಇನ್ನೂ ಕಿರಿದಾಗುತ್ತದೆ, ಪ್ರತಿ ಸಲವೂ ರಜ್ಜು ಅಷ್ಟಷ್ಟೇ ಉಜ್ಜುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಆಗದೇ ಇರುವುದೇ ತೊಂದರೆ. ಮೊದಲ ದಿನವೇ ಚುರುಕ್ ಎಂದಿದ್ದರೆ ಹುಡುಗರು ಎಂದೋ ಬುದ್ಧಿ ಕಲಿಯುತ್ತಿದ್ದರು.

ನಾನು ಈ ಬೆಂಚಿಗೆ ಬಂದದ್ದು ಐವತ್ತು ದಾಟಿದ ಮೇಲೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತೂ ಕೂತೂ ಹೆಗಲೆರಡೂ ಮುಂದಕ್ಕೆ ಬಾಗಿ, ಎದೆ ಒಳಕ್ಕೆ ಹೋಗಿತ್ತು. ನಮ್ಮ ಮಾಸ್ಟರ್ ನನಗೆ ಪ್ಲೇಟೇ ಇಲ್ಲದ ರಾಡು ಕೊಟ್ಟು ಮಲಗಿಸಿದರು. ಅವರು ಕಾಲೇಜಿನ ದಿನಗಳಲ್ಲಿ ಪವರ್‌ಲಿಫ್ಟಿಂಗ್ ಮಾಡಿದವರು, ಮಾತು ಕಡಿಮೆ, ಕೈ ಜಾಸ್ತಿ. ಕಣ್ಣು ರಾಡಿನ ನೇರ ಕೆಳಗೆ ಬರುವಂತೆ ನನ್ನನ್ನು ಬೆಂಚಿನ ಮೇಲೆ ಸರಿಸಿದರು. ಬೆನ್ನಿನ ಅಡಿಗೆ ಅಂಗೈ ತೂರಿಸಿ, ‘ರೆಕ್ಕೆ ಎರಡೂ ಹಿಂದಕ್ಕೆ ಮಡಚಿ ಸಾರ್, ಹಂಗೇ ಸೊಂಟದ ಕಡೆಗೆ ಇಳಿಸಿ, ನನ್ನ ಕೈ ಸಿಕ್ಕಾಕ್ಕೋಬೇಕು’ ಎಂದರು. ರೆಕ್ಕೆಮೂಳೆ ಹಾಗೆ ಮಡಚಿಕೊಂಡಾಗ ಎದೆ ತಾನಾಗಿ ಉಬ್ಬುತ್ತದೆ, ಸೊಂಟದ ಕೆಳಗೆ ಒಂದು ಸಣ್ಣ ಕಮಾನು ಬರುತ್ತದೆ, ತೋಳಿನ ಗುಂಡಿಗೆ ಹಿಂದೆ ಒಂದು ಒರಗು ಸಿಗುತ್ತದೆ. ಬೆಂಚ್ ಪ್ರೆಸ್‌ನಲ್ಲಿ ಹೆಗಲನ್ನು ಕಾಪಾಡುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ರಾಡು ಎತ್ತುವ ಮುಂಚೆಯೇ ಹೀಗೆ ಮುಗಿದಿರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ. ಸ್ಟ್ಯಾಂಡಿನಿಂದ ರಾಡು ಬಿಡಿಸುವಾಗ ಕೈ ಚಾಚಿದೆವೋ, ಮಡಚಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಭಾರ ಹಾಕಿದಾಗ ಒಬ್ಬರು ಎತ್ತಿಕೊಡಬೇಕು.

ಆಮೇಲೆ ಹಿಡಿ. ಹೆಗಲ ಅಗಲದ ಒಂದೂವರೆಯಷ್ಟಕ್ಕಿಂತ ಆಚೆ ಹೋಗಬೇಡಿ ಎಂದರು ಮಾಸ್ಟರ್. ಅಳತೆಪಟ್ಟಿ ತರಬೇಕಾಗಿಲ್ಲ, ರಾಡು ಎದೆ ಮುಟ್ಟಿದಾಗ ಮುಂಗೈ ನೆಲಕ್ಕೆ ನೇರವಾಗಿ ನಿಂತಿದ್ದರೆ ಹಿಡಿ ಸರಿಯಾಗಿದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ತೋರುಬೆರಳುಗಳ ನಡುವೆ 81 ಸೆಂಟಿಮೀಟರ್‌ವರೆಗೆ ಹಿಡಿಯಬಹುದು, ರಾಡಿನ ಮೇಲೆ ಗುರುತೇ ಕೆತ್ತಿರುತ್ತದೆ. ಅಷ್ಟು ಅಗಲ ಹಿಡಿಯುವವರು ರಾಡು ಚಲಿಸುವ ದೂರ ಕಡಿಮೆಯಾಗಲಿ, ಇನ್ನಷ್ಟು ಭಾರ ಏರಲಿ ಎಂದು ಹಿಡಿಯುತ್ತಾರೆ, ಅದಕ್ಕೆ ಪದಕ ಸಿಗುತ್ತದೆ. ನಮಗೆ ಸಿಗುವುದು ಹೆಗಲುನೋವು ಮಾತ್ರ. ಹೆಬ್ಬೆರಳು ರಾಡನ್ನು ಸುತ್ತಿರಲೇಬೇಕು. ಹೆಬ್ಬೆರಳು ಹೊರಗಿಟ್ಟು ಅಂಗೈ ಮೇಲೆ ರಾಡು ಕೂರಿಸಿಕೊಳ್ಳುವ ಶೋಕಿ ಕೆಲವರಿಗಿದೆ. ಜಾರಿದರೆ ಅದು ಬೀಳುವುದು ಕತ್ತಿನ ಮೇಲೆ. ‘ರಾಡ್ ಬೀಳಿಸ್ಬೇಡಿ, ಎಳ್ಕೊಳ್ಳಿ’ ಎಂಬುದು ಮಾಸ್ಟರ್ ಪದೇಪದೇ ಹೇಳುವ ಮಾತು. ಮೊಲೆತೊಟ್ಟಿನ ಸಾಲಿಗೆ, ಇಲ್ಲ ಅದಕ್ಕಿಂತ ಒಂದು ಚೂರು ಕೆಳಕ್ಕೆ, ನಿಧಾನವಾಗಿ. ಮೊಣಕೈ ಪಕ್ಕೆಗೆ ಅಂಟಿಕೊಂಡಿರಬಾರದು, ತೊಂಬತ್ತು ಡಿಗ್ರಿಗೂ ತೆರೆದುಕೊಳ್ಳಬಾರದು, ಎರಡರ ನಡುವೆ ಎಲ್ಲೋ ಇರಬೇಕು. ಏರುವಾಗ ರಾಡು ನೇರ ಮೇಲಕ್ಕೆ ಹೋಗದೆ ಕೊಂಚ ತಲೆಯ ಕಡೆಗೆ ವಾಲುತ್ತ ಹೋಗಿ ಹೆಗಲಿನ ನೇರಕ್ಕೆ ನಿಲ್ಲಬೇಕು. ಇಷ್ಟನ್ನೂ ಬರಿ ರಾಡಿನಲ್ಲಿ ಮಾಡುವಾಗ ಹುಡುಗರು ನನ್ನನ್ನು ನೋಡುತ್ತಿದ್ದರು. ಅವರ ಕರುಣೆ ನನಗೆ ಕಾಣುತ್ತಿತ್ತು.

ಒಂದು ಸಂಜೆ ಚನ್ನಪಟ್ಟಣ ಕಡೆಯ ಒಬ್ಬ ತಾತ ಮೊಮ್ಮಗನನ್ನು ಕರೆದೊಯ್ಯಲು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಪಂಚೆ, ತುಂಬುತೋಳಿನ ಶರ್ಟು, ಹಿಚುಕಿದಂತಾದ ಕಿವಿ. ಕಿವಿ ನೋಡಿದರೇ ಗರಡಿಯವರು ಎಂದು ಗೊತ್ತಾಗುತ್ತಿತ್ತು. ಬೆಂಚಿನ ಮೇಲೆ ಮೊಮ್ಮಗ ಮಲಗಿದ್ದನ್ನು ಸ್ವಲ್ಪ ಹೊತ್ತು ನೋಡಿ, ‘ಮಲಕ್ಕೊಂಡು ಎತ್ತೋದೇನ್ಲಾ? ಕಾಯ್ಲೆಯವ್ರು ಮಲಕ್ಕೊಳ್ಳೋದು. ಎತ್ತೋದಾದ್ರೆ ಎದ್ ನಿಂತ್ಕೊಂಡ್ ಎತ್ಬೇಕು’ ಎಂದರು. ಮಾಸ್ಟರ್ ನಕ್ಕು ಅವರಿಗೆ ಟೀ ತರಿಸಿದರು. ತಾತನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಗರಡಿಯಲ್ಲಿ ಮಲಗಿ ಎತ್ತುವ ಸಾಮು ಇರಲಿಲ್ಲ. ಎದೆಗೆ ದಂಡ ಹೊಡೆಯುತ್ತಿದ್ದರು. ಕೈ ಕೆಂಪುಮಣ್ಣಿನ ಮೇಲೆ, ಮೈ ಬಾಗಿ ಇಳಿದು ಏಳುತ್ತದೆ, ಮೊಣಕೈ ಪಕ್ಕೆಯನ್ನು ಸವರಿಕೊಂಡೇ ಹೋಗುತ್ತದೆ. ಬೆನ್ನಿಗೆ ಏನೂ ಒತ್ತಿರುವುದಿಲ್ಲವಾದ್ದರಿಂದ ರೆಕ್ಕೆಮೂಳೆ ತನ್ನಿಷ್ಟದಂತೆ ಸರಿದಾಡುತ್ತದೆ. ಬೆಂಚಿನಲ್ಲಾದರೆ ಅದು ನಮ್ಮ ಭಾರ, ರಾಡಿನ ಭಾರ ಎರಡರ ಕೆಳಗೂ ಸಿಕ್ಕಿಕೊಂಡಿರುತ್ತದೆ. ಇನ್ನು ಗದೆ ತಿರುಗಿಸುವುದು: ತಲೆಯ ಹಿಂದಿನಿಂದ ಸುತ್ತಿ ತರುವಾಗ ಆ ನಾಲ್ಕು ಸಣ್ಣ ಸ್ನಾಯುಗಳಿಗೂ ದಿನಾ ಕೂಲಿ ಸಿಗುತ್ತಿತ್ತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಬಾರ್ಬೆಲ್ ಎತ್ತಿಸಿದರು, ಸೂರ್ಯನಮಸ್ಕಾರವನ್ನೂ ಮಾಡಿಸಿದರು, ಎರಡರ ಮೇಲೂ ಪುಸ್ತಕ ಬರೆದರು. ‘ಶಾಂತಲಾ’ ಕಾದಂಬರಿ ಬರೆದವರೂ ಅವರೇ. ಕಾದಂಬರಿ ಉಳಿಯಿತು, ಬಾರ್ಬೆಲ್ ಉಳಿಯಿತು, ಅದರ ಪಕ್ಕದಲ್ಲಿದ್ದ ನಮಸ್ಕಾರ ಜಿಮ್ಮಿನಿಂದ ಹೊರಗೆ ಹೋಗಿ ಯೋಗ ಕ್ಲಾಸಿಗೆ ಸೇರಿಕೊಂಡಿತು.

ಬೆಂಚು ಕೂಡ ಮೊದಲಿನಿಂದ ಇದ್ದದ್ದಲ್ಲ. 1899ರಲ್ಲಿ ಜಾರ್ಜ್ ಹ್ಯಾಕನ್‌ಶ್ಮಿಟ್ ಎಂಬ ಜಟ್ಟಿ ನೆಲದ ಮೇಲೆ ಮಲಗಿಯೇ 164 ಕಿಲೊ ಎತ್ತಿದ್ದ. 2021ರಲ್ಲಿ ಅಮೆರಿಕದ ಜೂಲಿಯಸ್ ಮ್ಯಾಡಕ್ಸ್ ಬೆಂಚಿನ ಮೇಲೆ 355 ಕಿಲೊ ಎತ್ತಿದ. ದಾಖಲೆ ಎರಡು ಪಟ್ಟು ದಾಟಿತು, ಆದರೆ ನೆಲಕ್ಕೆ ಒಂದು ಗುಣವಿತ್ತು. ನೆಲದ ಮೇಲೆ ಮಲಗಿದರೆ ಮೊಣಕೈ ನೆಲ ಮುಟ್ಟಿದಲ್ಲಿಗೆ ಇಳಿತ ಮುಗಿಯುತ್ತದೆ. ತೋಳು ಮೈಗಿಂತ ಹಿಂದಕ್ಕೆ ಹೋಗುವುದೇ ಇಲ್ಲ. ಹೆಗಲು ಗೊಣಗುವ ಹುಡುಗರಿಗೆ ಮಾಸ್ಟರ್ ಚಾಪೆ ಹಾಸಿ ಇದನ್ನೇ ಮಾಡಿಸುತ್ತಾರೆ. ಡಂಬೆಲ್ ಕೊಟ್ಟರೆ ಇನ್ನೂ ವಾಸಿ, ಅಂಗೈಗಳು ಒಂದನ್ನೊಂದು ನೋಡುವಂತೆ ಹಿಡಿದರೆ ಮೊಣಕೈ ತಾನೇ ಒಳಗೆ ಬರುತ್ತದೆ. ಹುಡುಗರಿಗೆ ಚಾಪೆ ಎಂದರೆ ಮಾನ ಹೋದ ಹಾಗೆ. ಮೂಲೆಯಲ್ಲಿ, ಸೈಕಲ್ ಯಂತ್ರದ ಮರೆಯಲ್ಲಿ ಹಾಸಿಕೊಳ್ಳುತ್ತಾರೆ.

ತಾತನ ಊರಿನ ವಿಷಯಕ್ಕೆ ಬರುತ್ತೇನೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರದವರ ಜತೆಗೆ ಚನ್ನಪಟ್ಟಣದ ಜಟ್ಟಿಗಳೂ ಹೋಗುತ್ತಾರೆ. ತಲೆ ಬೋಳಿಸಿಕೊಂಡು, ಕೈಗೆ ಮುಳ್ಳುಮುಷ್ಟಿ ಧರಿಸಿ ನಿಲ್ಲುವ ಕಾಳಗ ಅದು. ನೋಡಲು ಹೋದವರಿಗೆ ಎದೆ ಢವಢವ. ಆದರೆ ನೆತ್ತಿಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಂತುಹೋಗುತ್ತದೆ. ಇನ್ನೊಂದೇಟು ಎನ್ನುವಂತಿಲ್ಲ. ಅಷ್ಟು ಉಗ್ರವಾದ ಆಟಕ್ಕೂ ಎಲ್ಲಿ ನಿಲ್ಲಬೇಕು ಎಂದು ಯಾರೋ ಹಿಂದೆಯೇ ಗೆರೆ ಎಳೆದಿಟ್ಟಿದ್ದಾರೆ.

ಇತ್ತ ಬಿಡದಿಯಲ್ಲಿ ಅಂಥದೇ ಗೆರೆಯನ್ನು ಹುಡುಗರು ದಿನವೂ ನೋಡುತ್ತಾರೆ. 1997ರಲ್ಲಿ ಶುರುವಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಇಲ್ಲಿಗೆ ತಂದ ಹಲವು ಪದಗಳಲ್ಲಿ ‘ಆಂಡನ್’ ಒಂದು. ಟೊಯೊಟಾ ಪದ್ಧತಿಯಲ್ಲಿ ಲೈನಿನ ಮೇಲೆ ನಿಂತ ಯಾವ ಕೆಲಸಗಾರನಾದರೂ ಏನೋ ಎಡವಟ್ಟು ಕಂಡರೆ ಪಕ್ಕದ ಹಗ್ಗ ಎಳೆಯುತ್ತಾನೆ, ದೀಪ ಹತ್ತುತ್ತದೆ, ಟೀಮ್ ಲೀಡರ್ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಎಳೆದದ್ದಕ್ಕೆ ಬೈಗುಳವಿಲ್ಲ ಎಂಬುದೇ ಅದರ ತಿರುಳು. ಇದರ ಬೇರು ಕಾರಿಗಿಂತ ಹಳೆಯದು. ಆ ಮನೆತನದ ಸಕಿಚಿ ಟೊಯೊಡ 1924ರಲ್ಲಿ ಪೂರ್ತಿಮಾಡಿದ ಮಗ್ಗ, ನೂಲು ತುಂಡಾದೊಡನೆ ತಾನೇ ನಿಲ್ಲುತ್ತಿತ್ತು. ನಿಲ್ಲದಿದ್ದರೆ ಮಾರುಗಟ್ಟಲೆ ಬಟ್ಟೆ ಕೆಡುತ್ತದೆ. ಎಳೆ ತುಂಡಾಗುವುದೆಂದರೆ ಏನೆಂದು ರೇಷ್ಮೆಗೂಡಿನ ಮಾರುಕಟ್ಟೆ ಇಟ್ಟುಕೊಂಡಿರುವ ರಾಮನಗರದವರಿಗೆ ಬೇರೆ ಹೇಳಬೇಕಿಲ್ಲ. ಎಂಬತ್ತು ಕಿಲೊ ಹಾಕಿಸಿಕೊಂಡ ಅದೇ ಹುಡುಗ ಹಗಲೆಲ್ಲ ಒಂದು ಬೋಲ್ಟು ಸಡಿಲವಿದ್ದರೂ ಕೈ ಎತ್ತುತ್ತಾನೆ. ಸಂಜೆ ಜಿಮ್ಮಿಗೆ ಬಂದು, ತನ್ನ ಹೆಗಲಿನ ರಜ್ಜು ಚುರುಗುಟ್ಟಿದರೆ, ಇನ್ನೊಂದೈದು ಕಿಲೊ ಹಾಕಿಸಿಕೊಳ್ಳುತ್ತಾನೆ.

ಮಾಸ್ಟರ್ ಹತ್ತಿರ ನಾನು ಇದನ್ನು ಹೇಳಿದಾಗ ಅವರು ಏನೂ ಅನ್ನಲಿಲ್ಲ. ಅವರ ರಿಪೇರಿ ಸಪೋರ್ಟಿನವನಿಂದ ಶುರುವಾಯಿತು. ಈಗ ನಮ್ಮಲ್ಲಿ ಮಲಗುವ ಮುಂಚೆ ಎಷ್ಟು ಹೊಡೀತೀನಿ ಎಂದು ಬಾಯಿಬಿಟ್ಟು ಹೇಳಬೇಕು. ಸಪೋರ್ಟಿನವನು ರಾಡು ಎತ್ತಿಕೊಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು, ಹತ್ತಿರದಲ್ಲಿ ಇರಬೇಕು, ಮುಟ್ಟಬಾರದು. ‘ತಗೋ’ ಎಂದರೆ, ಇಲ್ಲ ರಾಡು ಕೆಳಗೆ ಇಳಿಯಲು ಶುರುವಾದರೆ, ತಕ್ಷಣ ತೆಗೆದುಕೊಳ್ಳಬೇಕು. ಆ ಸೆಟ್ಟು ಅಲ್ಲಿಗೆ ಮುಗಿಯಿತು. ಅರ್ಧ ನೀನು ಅರ್ಧ ನಾನು ಎಂಬ ಪಾಲುದಾರಿಕೆ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಒಂಟಿಯಾಗಿ ಬರುವವರಿಗೆ ಬೇರೆ ಕಾನೂನು. ಕಬ್ಬಿಣದ ರ‍್ಯಾಕ್ ಒಳಗೆ ಬೆಂಚು ಎಳೆದುಕೊಂಡು, ಅಡ್ಡಕಂಬಿಗಳನ್ನು ಉಬ್ಬಿದ ಎದೆಗಿಂತ ಒಂದು ಬೆರಳು ತಗ್ಗಿಗೆ ಸಿಕ್ಕಿಸಬೇಕು. ಎದೆ ಇಳಿಸಿದರೆ ರಾಡು ಕಂಬಿಯ ಮೇಲೆ ಕೂರುತ್ತದೆ. ಆ ರ‍್ಯಾಕ್‌ನಲ್ಲಿ ಬೇರೆ ಯಾರಾದರೂ ಇದ್ದು ಹೊರಗೇ ಮಲಗಬೇಕಾದರೆ, ಪ್ಲೇಟಿಗೆ ಕ್ಲಿಪ್ ಹಾಕುವಂತಿಲ್ಲ. ಸಿಕ್ಕಿಕೊಂಡರೆ ರಾಡನ್ನು ಒಂದು ಪಕ್ಕಕ್ಕೆ ವಾಲಿಸಿ ಪ್ಲೇಟು ಬೀಳಿಸಿ ಪಾರಾಗಬಹುದು. ಭಾರಿ ಸದ್ದಾಗುತ್ತದೆ, ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ಮಾರನೆ ದಿನ ವಿಚಾರಿಸುತ್ತಾರೆ. ವಿಚಾರಿಸಲಿ.

ಬೆಂಚ್ ಪ್ರೆಸ್ ಒಂದನ್ನೇ ಜೀವನ ಮಾಡಿಕೊಂಡವರೂ ಇದ್ದಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಪವರ್‌ಲಿಫ್ಟಿಂಗ್ ಎಂದರೆ ಇದೊಂದೇ ಎತ್ತುಗೆ. ಅಗಲವಾದ ಬೆಂಚಿನ ಮೇಲೆ ಕಾಲು ಚಾಚಿ ಮಲಗಿ, ಪಟ್ಟಿ ಕಟ್ಟಿಸಿಕೊಂಡು ಎತ್ತುತ್ತಾರೆ. ಬೆಂಗಳೂರಿನ ಫರ್ಮಾನ್ ಬಾಷಾ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 49 ಕಿಲೊ ವಿಭಾಗದಲ್ಲಿ ನಾಲ್ಕನೆಯವರಾದರು. ಬಂಗಾಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಪಳಗಿದ ಸಕೀನಾ ಖಾತುನ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಈ ಆಟದಲ್ಲಿ ಗಾಲಿಕುರ್ಚಿಯವರು, ಊರುಗೋಲಿನವರು ಬಹಳ ಮಂದಿ. ಅವರಿಗೆ ಓಡಾಡುವುದಕ್ಕೂ ಹೆಗಲೇ ಬೇಕು, ಪದಕಕ್ಕೂ ಹೆಗಲೇ ಬೇಕು; ಒಂದು ಹೆಗಲು ಕೆಟ್ಟರೆ ಮನೆಯೊಳಗಿನ ಓಡಾಟವೂ ನಿಂತಿತು. ಆ ಸ್ಪರ್ಧೆಯ ನಿಯಮ ನಮ್ಮ ಹುಡುಗರು ನೋಡಬೇಕು. ಇಳಿಸಿದ ರಾಡು ಎದೆಯ ಮೇಲೆ ಅಲುಗಾಡದೆ ನಿಲ್ಲಬೇಕು, ಆಮೇಲೆ ಎರಡೂ ಕೈ ಸಮನಾಗಿ ಏರಬೇಕು. ಧಡ್ ಎನಿಸಿ ಎದ್ದದ್ದಕ್ಕೆ ಕೆಂಪು ದೀಪ.

ಮಾಸ್ಟರ್ ಆ ಸ್ಪರ್ಧೆಯ ವಿಡಿಯೊ ಒಂದನ್ನು ತೋರಿಸಿದ ಮೇಲೆ ನಮ್ಮ ಎಂಬತ್ತು ಕಿಲೊದ ಹುಡುಗನೂ ಹಾಗೆ ನಿಲ್ಲಿಸಿ ಎತ್ತಲು ನೋಡಿದ. ಎಂಬತ್ತು ಏಳಲಿಲ್ಲ, ಎಪ್ಪತ್ತೂ ಏಳಲಿಲ್ಲ, ಅರವತ್ತಕ್ಕೆ ಬಂದು ನಿಂತ. ಐದಕ್ಕೆ ಬೆವರಿ ಒದ್ದೆಯಾದ. ಈಗ ಅವನಿಗೆ ಬೆಂಚಿನ ಪ್ರತಿ ಸೆಟ್ಟಿಗೂ ಎದುರಾಗಿ ಒಂದು ರೋಯಿಂಗ್ ಸೆಟ್ಟು, ಮುಖದ ಕಡೆಗೆ ಕೇಬಲ್ ಎಳೆಯುವುದು, ರಬ್ಬರ್ ಬ್ಯಾಂಡು ಹಿಡಿದು ತೋಳನ್ನು ಹೊರಕ್ಕೆ ತಿರುಗಿಸುವುದು ಇವೆಲ್ಲ ಇವೆ. ರಬ್ಬರ್ ಬ್ಯಾಂಡನ್ನು ಅವನು ಯಾರೂ ನೋಡದಾಗ ಮಾಡುತ್ತಾನೆ. ಜತೆಗೆ ಮಾಸ್ಟರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ರಾತ್ರಿ ಆ ಮಗ್ಗುಲಿಗೆ ಹೊರಳಿದಾಗ ನೋವಿಗೆ ಎಚ್ಚರವಾದರೆ, ತಲೆ ಬಾಚಲು ಕೈ ಏಳದಿದ್ದರೆ, ಎದೆಯ ಪಕ್ಕದಲ್ಲಿ ‘ಚಟ್’ ಎಂದು ಸದ್ದಾಗಿ ನೀಲಿಗಟ್ಟಿದರೆ ಜಿಮ್ಮಿಗೆ ಬರಬೇಡ, ಮೂಳೆ ಡಾಕ್ಟರ ಹತ್ತಿರ ಹೋಗು, ಎಣ್ಣೆ ನೀವಿಸಿಕೊಂಡು ಕೂರಬೇಡ.

ಮುಂದಿನ ವಾರ ಲೈನಿನಲ್ಲಿ ಅವನ ಜಾಗ ಬದಲಾಗುತ್ತದಂತೆ. ಗಾಡಿಯ ಅಡಿ ನಿಂತು, ಕೈ ತಲೆಯ ಮೇಲೆತ್ತಿ, ಶಿಫ್ಟ್ ಪೂರ್ತಿ ಬಿಗಿಯುವ ಕೆಲಸ. ಹೆಗಲಿನ ಅದೇ ಸಂದಿಗೆ ಹಗಲೆಲ್ಲ ದುಡಿಮೆ. ಆ ವಾರ ಬೆಂಚೇ ಬೇಡ, ಚಾಪೆ ಸಾಕು ಎಂದಿದ್ದಾರೆ ಮಾಸ್ಟರ್. ಅವನು ಒಪ್ಪಿದ್ದಾನೆ, ಅದಕ್ಕೆ ಮುಂಚೆ ಎಂಬತ್ತೈದು ಒಂದೇ ಒಂದು ಸಲ ಹೊಡೆದುಬಿಡುತ್ತೇನೆ ಎಂಬ ಷರತ್ತಿನ ಮೇಲೆ. ಮಾತುಕತೆ ನಡೆಯುತ್ತಿದೆ.